ಮಂಚಿಕೇರಿಯ ವಿಮಾನದಾಟ

ನಮ್ಮ ಅಪ್ಪನಿಗೆ ಸಿಟ್ಟು ಬರುವುದಿಲ್ಲ. ಅವನ ಪಾಲಿನದ್ದೂ ಸೇರಿ ನನಗೇ ಬರುತ್ತದೆ. ಯಲ್ಲಾಪುರ–ಶಿರಸಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನನ್ನನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲಲ್ಲಿ ನೇತಾಡುವ ಕಾಲೇಜು ಹುಡುಗರು ಬೆನ್ನ ಹಿಂದೆ ನನಗೆ ಏನೋ ಹೆಸರಿಟ್ಟಿದ್ದಾರಂತೆ. ಇಟ್ಟುಕೊಳ್ಳಲಿ. ನನ್ನ ಹೊಟ್ಟೆಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಆದರೆ ಅಪ್ಪನಿಗೆ ಆಯಿತು. ಕೆರಿಯಪ್ಪ ಎಂಬ ಒಳ್ಳೆಯ ಹೆಸರಿದ್ದ ಮನುಷ್ಯನನ್ನು ಮಂಚಿಕೇರಿ ಸುತ್ತಿನ ಜನ ಹದಿಮೂರು ವರ್ಷ ಕಳ್ಳಡಿಕೆ ಕೆರಿಯಪ್ಪ ಎಂದು ಕರೆದರು. ಅವನು ಒಂದು ಅಡಿಕೆಯನ್ನೂ ಕದ್ದವನಲ್ಲ.

ಅಪ್ಪ ಮೊದಲು ಕೊನೆಗೌಡನಾಗಿದ್ದ. ಅಂದರೆ ಅಡಿಕೆ ಮರ ಹತ್ತಿ ಕೊನೆ ಕೊಯ್ಯುವವನು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಕೆಳಗಿಳಿಯದೆ ದಾಟುತ್ತಿದ್ದ. ಕೊಯ್ಲು ಹತ್ತಿರ ಬಂದಾಗ ಉಮ್ಮಚಗಿಯ ತೋಟದವರು ಮೊದಲೇ ಹೇಳಿಕಳಿಸಿ ಅವನ ದಿನ ಗೊತ್ತುಮಾಡಿಕೊಳ್ಳುತ್ತಿದ್ದರು. ಇದು ಬರೀ ಮರ ಹತ್ತುವ ಕೆಲಸವಲ್ಲ. ತೋಟ, ಅಂಗಳ, ಅಡಿಕೆ ಒಣಗಿಸುವ ಅಟ್ಟ ಎಲ್ಲವೂ ಕೊನೆಗೌಡನ ಎದುರು ತೆರೆದೇ ಇರುತ್ತದೆ. ಅವನ ಮೇಲೆ ಒಮ್ಮೆ ಅನುಮಾನ ಬಂತೆಂದರೆ ಮುಗಿಯಿತು, ಆಮೇಲೆ ಯಾವ ತೋಟದ ದಾರಿಯೂ ಅವನಿಗಿಲ್ಲ.

ಕೊಯ್ಲು ಮುಗಿದ ಮೇಲೆ ಅಪ್ಪ ಹುಬ್ಬಳ್ಳಿಗೆ ಹೋಗುವ ಲಾರಿಯಲ್ಲಿ ಕ್ಲೀನರ್ ಆಗಿ ತಿರುಗುತ್ತಿದ್ದ. ಅಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಅಂಗಡಿಯಲ್ಲಿ ಆ ವಿಡಿಯೋ ಗೇಮಿನ ಮಷಿನು ಅವನ ಕಣ್ಣಿಗೆ ಬಿತ್ತು. ಮನೆಗೆ ಬಂದವನೇ ಎರಡು ಎಮ್ಮೆ ಮಾರಿದ. ಅಮ್ಮ ಗಂಗೆ ಅವನ ಜೊತೆ ಮಾತು ಬಿಟ್ಟಳು. ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಲಾರಿಯಲ್ಲಿ ಹುಲ್ಲು ಹಾಸಿ, ಬಾಳಂತಿಯನ್ನು ಕರೆತರುವಷ್ಟು ಜೋಪಾನವಾಗಿ ಅದನ್ನು ತಂದು, ಮಂಚಿಕೇರಿ ಬಸ್ ಸ್ಟಾಪಿನ ಹತ್ತಿರ ಒಂದು ಸಣ್ಣ ಅಂಗಡಿಯಲ್ಲಿ ಇಟ್ಟ. ಅದು ತೊಂಬತ್ನಾಲ್ಕನೇ ಇಸವಿ.

ಆಳೆತ್ತರದ ಮರದ ಪೆಟ್ಟಿಗೆ. ಎದೆಮಟ್ಟದಲ್ಲಿ ಟಿ.ವಿ. ಗಾಜು, ಅದರ ಕೆಳಗೆ ಕೆಂಪು ಗುಂಡಿನ ಒಂದು ಹಿಡಿ, ಎರಡು ಬಟನ್ನು. ನಾಣ್ಯ ಹಾಕಿದರೆ ಪರದೆಯ ಬುಡದಿಂದ ಪುಟ್ಟ ವಿಮಾನವೊಂದು ಏಳುತ್ತಿತ್ತು. ಮೇಲಿನಿಂದ ಶತ್ರು ವಿಮಾನಗಳು ಸಾಲಾಗಿ ಇಳಿಯುತ್ತಿದ್ದವು. ಒಂದು ಬಟನ್ನು ಗುಂಡು ಹೊಡೆಯಲು, ಇನ್ನೊಂದು ಬಾಂಬ್ ಹಾಕಲು. ನದಿ ದಾಟಬೇಕು, ಸೇತುವೆ ಒಡೆಯಬೇಕು, ರೈಲು ಸುಡಬೇಕು. ಕೊನೆಗೆ ಪರದೆ ತುಂಬ ಒಂದು ಕಬ್ಬಿಣದ ಹಡಗು ಬರುತ್ತಿತ್ತು. ಅದನ್ನು ಮುಳುಗಿಸಿದವನು ಮಾರನೆಯ ದಿನ ಹೈಸ್ಕೂಲಿನಲ್ಲಿ ಕಾಲರ್ ಎತ್ತಿಕೊಂಡು ತಿರುಗುತ್ತಿದ್ದ. ಬೆಳಿಗ್ಗೆ ಅಂಗಡಿ ಗುಡಿಸುವ ನೆಪದಲ್ಲಿ ನಾನೂ ಬಿಸ್ಕೀಟಿನ ಖಾಲಿ ಡಬ್ಬಿಯ ಮೇಲೆ ನಿಂತು ಆ ಹಡಗನ್ನು ಎಷ್ಟೋ ಸಲ ಮುಳುಗಿಸಿದ್ದೇನೆ. ಹುಡುಗಿಯಾದ್ದರಿಂದ ಅದು ಯಾರ ಲೆಕ್ಕಕ್ಕೂ ಬರಲಿಲ್ಲ.

ಅಪ್ಪನ ಅಂಗಡಿಯಲ್ಲಿ ಅಪ್ಪನದೇ ನ್ಯಾಯ. ಆಟದ ನಡುವೆ ಕರೆಂಟ್ ಹೋದರೆ ಇನ್ನೊಂದು ಆಟ ಪುಕ್ಕಟೆ. ನಮ್ಮ ಕಡೆ ಕರೆಂಟಿನ ಕತೆ ಗೊತ್ತಿದ್ದವರಿಗೆ ಇದು ಎಂಥ ವ್ಯಾಪಾರ ಎಂದು ತಿಳಿದೀತು. ಅಮ್ಮ ಬೈದರೆ ಅವನು ನಗುತ್ತಿದ್ದ. ಹುಡುಗರು ಬಾಯಲ್ಲೇ ಗುಂಡಿನ ಶಬ್ದ ಮಾಡುತ್ತ ಮಷಿನಿಗೆ ಮುತ್ತಿಕೊಂಡಿರುವಾಗ ಹಿಂದೆ ಕೈಕಟ್ಟಿ ನಿಂತು ನೋಡುವುದೇ ಅವನಿಗೆ ಲಾಭ.

ಹುಡುಗರ ಕೈಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಅವರು ಅಡಿಕೆ ತರುತ್ತಿದ್ದರು. ಬಾವಲಿ ಚೀಪಿ ಬೀಳಿಸಿದ್ದು, ಗಾಳಿಗೆ ಉದುರಿ ಹುಲ್ಲಿನಲ್ಲಿ ಬಿದ್ದದ್ದು ಹೆಕ್ಕಿದ ಮಕ್ಕಳಿಗೇ ಸೇರಿದ್ದು ಎಂಬುದು ನಮ್ಮ ಕಡೆ ಹಿಂದಿನಿಂದಲೂ ಇದ್ದ ರೂಢಿ. ತೋಟದ ಯಜಮಾನರೂ ಚಿಕ್ಕಂದಿನಲ್ಲಿ ಹಾಗೆ ಹೆಕ್ಕಿ ಮಾರಿ ಪೇಟೆಯಲ್ಲಿ ಐಸ್ ಕ್ಯಾಂಡಿ ತಿಂದವರೇ. ಉದುರಡಿಕೆ ಕೊಟ್ಟರೆ ಅಪ್ಪ ಆಡಲು ಬಿಡುತ್ತಿದ್ದ. ಮೂಲೆಯಲ್ಲಿ ಒಂದು ಗೋಣಿಚೀಲ ಇತ್ತು, ಹುಡುಗರು ತಂದದ್ದನ್ನು ತಾವೇ ಅದಕ್ಕೆ ಸುರಿಯುತ್ತಿದ್ದರು. ಅಪ್ಪ ಬಗ್ಗಿ ನೋಡುತ್ತಿರಲಿಲ್ಲ. ಮಕ್ಕಳು ಹೆಕ್ಕಿ ತಂದದ್ದನ್ನು ತಡಕುವುದು ಅವನಿಗೆ ಹೇಸಿಗೆಯ ಕೆಲಸ.

ತಡಕಬೇಕಿತ್ತು. ತೊಂಬತ್ತಾರರ ಚಳಿಗಾಲದಲ್ಲಿ ಚೀಲ ತುಂಬಿತೆಂದು ಶಿರಸಿಯ ವ್ಯಾಪಾರಿಯ ಮುಂದೆ ಸುರಿದಾಗ ಅಡಿಯಲ್ಲಿ ಒಳ್ಳೆ ಕೆಂಪಡಿಕೆ ಸಿಕ್ಕಿತು. ಸುಲಿದು, ಬೇಯಿಸಿ, ಒಣಗಿಸಿದ ಮಾಲು. ಅದು ಮರದಿಂದ ಉದುರುವುದಿಲ್ಲ, ಅಟ್ಟದಿಂದಲೇ ಬರಬೇಕು. ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಮಾರುತ್ತಿದ್ದರು. ಅಪ್ಪ ಅದನ್ನು ಆರಿಸಿ ಬೇರೆ ಗಂಟು ಕಟ್ಟಿ ವಾಪಸು ತಂದ. ಚೀಲಕ್ಕೆ ಅಡಿಕೆ ಸುರಿಯುವಾಗ ಬೆನ್ನು ತಿರುಗಿಸಿ ಅಡ್ಡ ನಿಲ್ಲುತ್ತಿದ್ದ ಹುಡುಗ ಯಾರೆಂದು ಅವನಿಗೆ ನೆನಪಿತ್ತು. ಉಮ್ಮಚಗಿಯ ರಾಮ ಹೆಗಡೆಯವರ ಮಗ ಕಿಶೋರ. ಆಗ ಒಂಬತ್ತನೇ ಕ್ಲಾಸು.

ಗಂಟನ್ನು ತಲೆಯ ಮೇಲೆ ಹೊತ್ತು ಅಪ್ಪ ಹೆಗಡೆಯವರ ಅಂಗಳಕ್ಕೆ ಹೋದ. ಜೊತೆಗೆ ನಾನೂ ಇದ್ದೆ. ನಿಮ್ಮ ಅಟ್ಟದ್ದಿರಬೇಕು ಒಡೆಯಾ, ಮಕ್ಕಳ ಉದುರಡಿಕೆಯ ಜೊತೆ ಹೇಗೋ ಬಂದುಬಿಟ್ಟಿದೆ ಎಂದ. ಕಿಶೋರನ ಹೆಸರು ಹೇಳಲಿಲ್ಲ. ಹುಡುಗನಿಗೆ ಪೆಟ್ಟು ಬೀಳುತ್ತದೆ ಎಂಬ ಕನಿಕರ. ಹೆಗಡೆಯವರು ಗಂಟು ಬಿಚ್ಚಿ ನೋಡಿ, ಇದು ನಿನ್ನ ಕೈಗೆ ಹೇಗೆ ಬಂತು ಎಂದು ಕೇಳಿದರು. ಅಪ್ಪ ಸುಮ್ಮನಿದ್ದ. ಮಗನನ್ನು ಕರೆಸಿದರು. ಕಿಶೋರ ಕಂಬ ಹಿಡಿದು ನಿಂತು ಅಪ್ಪನ ಮುಖ ನೋಡಿದ. ಆಮೇಲೆ ಹೇಳಿದ: "ಕೆರಿಯನೇ ತಗಂಬಾ ಅಂದಿದ್ದ. ತರದಿದ್ರೆ ಆಡ್ಲಿಕ್ಕೆ ಬಿಡೋದಿಲ್ಲ ಅಂದ."

ಆಗಲಾದರೂ ಅಪ್ಪ ಬಾಯಿ ಬಿಡಬಾರದೆ? ಸುಳ್ಳು ಎನ್ನಬಾರದೆ? ಹುಡುಗ ಹೆದರಿಕೊಂಡಿದ್ದಾನೆ, ಸಂಜೆಯೊಳಗೆ ಅವನೇ ನಿಜ ಹೇಳುತ್ತಾನೆ ಎಂದು ನಂಬಿ ಸುಮ್ಮನೆ ಬಂದ. ಸಂಜೆಯೊಳಗೆ ಬಂದದ್ದು ಸುತ್ತಲಿನ ಯಜಮಾನರು. ಮಷಿನಿನ ಗಾಜು ಒಡೆದರು. ಅಪ್ಪನನ್ನು ಠಾಣೆಗೆ ಕರೆದೊಯ್ದರು. ಪೊಲೀಸರು ಕೇಸು ಮಾಡಲಿಲ್ಲ, ನಾಲ್ಕು ಬಿಟ್ಟು ಕಳಿಸಿದರು. ಆ ಹೊತ್ತು ಅಂಗಡಿಯ ಎದುರು ನಿಂತು ನೋಡುತ್ತಿದ್ದ ಹುಡುಗರಲ್ಲಿ ಒಬ್ಬನೂ, ನಾವು ತಂದದ್ದು ಉದುರಡಿಕೆ, ಕೆರಿಯಪ್ಪ ಬೇರೇನೂ ಕೇಳಲಿಲ್ಲ ಎಂದು ಹೇಳಲಿಲ್ಲ. ಅವರ ಪುಕ್ಕಟೆ ಆಟಗಳು ನೆನಪಾದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಆ ವರ್ಷ ಯಾವ ತೋಟದಿಂದಲೂ ಅಪ್ಪನಿಗೆ ಕರೆ ಬರಲಿಲ್ಲ. ಮುಂದಿನ ವರ್ಷವೂ ಇಲ್ಲ. ಮಂಚಿಕೇರಿ ಬಿಟ್ಟು ಇಡಗುಂದಿಗೆ ಬಂದೆವು. ಅಪ್ಪ ಮರದ ನಾಟಾ ಹೊರುವ ಕೆಲಸಕ್ಕೆ ಸೇರಿದ. ಒಂದು ದಿನ ದಿಮ್ಮಿ ಉರುಳಿ ಬಲಗಾಲ ಮೇಲೆ ಬಂತು. ಮೊಣಕಾಲು ಮತ್ತೆ ಪೂರ್ತಿ ಮಡಚಲಿಲ್ಲ. ಮರದಿಂದ ಮರಕ್ಕೆ ದಾಟುತ್ತಿದ್ದವನು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ನೋಡಿಕೊಂಡು ನಾನು ಬೆಳೆದೆ.

ಮಷಿನನ್ನು ಮಾತ್ರ ಅವನು ಬಿಡಲಿಲ್ಲ. ಹೊಸ ಗಾಜು ಹಾಕಿಸಿ ಹಿಂದಿನ ಕೋಣೆಯಲ್ಲಿ ಕಂಬಳಿ ಹೊದಿಸಿ ಇಟ್ಟ. ಆಯುಧಪೂಜೆಯ ದಿನ ಕತ್ತಿ, ಕೊಡಲಿಯ ಜೊತೆ ಅದಕ್ಕೂ ಕುಂಕುಮ ಹಚ್ಚಿ, ಸ್ವಿಚ್ ಹಾಕಿ, ವಿಮಾನ ಏಳುವುದನ್ನು ನೋಡಿ ಮತ್ತೆ ಮುಚ್ಚುತ್ತಿದ್ದ. ಯಾಕೆ ಇಟ್ಟುಕೊಂಡಿದ್ದೀಯ, ಗುಜರಿಗೆ ಹಾಕು ಎಂದು ನಾನು ಕೂಗಾಡಿದ್ದೇನೆ. ಮಷಿನು ಏನು ತಪ್ಪು ಮಾಡಿದೆ ಎಂದು ಕೇಳುತ್ತಿದ್ದ.

ಎರಡು ಸಾವಿರದ ಒಂಬತ್ತರ ಡಿಸೆಂಬರಿನಲ್ಲಿ, ನನ್ನ ರಜೆಯ ದಿನವೇ, ನಮ್ಮ ಮನೆ ಮುಂದೆ ಒಂದು ಬಿಳಿ ಜೀಪು ನಿಂತಿತು. ಇಳಿದವನು ಕಿಶೋರ. ಮನೆಯಲ್ಲೇ ಇದ್ದು, ತೋಟದ ಜೊತೆ ಹೋಮ್‌ಸ್ಟೇ ನಡೆಸುತ್ತಿದ್ದ. ಹೊಟ್ಟೆ ಬಂದಿತ್ತು. ಜೊತೆಗೆ ಶಿರಸಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಅವನ ಸಹಪಾಠಿ ಸುಮಂತ. "ಕೆರಿಯಾ, ಅರಾಮಿದ್ಯನೋ?" ಎಂದು ಕಿಶೋರ ಅಂಗಳದಿಂದಲೇ ಕರೆದ. ಅಪ್ಪನ ತಲೆ ಹಣ್ಣಾಗಿದ್ದರೂ ಆ ಬಾಯಿಗೆ ಇನ್ನೊಂದು ರೀತಿ ಗೊತ್ತಿರಲಿಲ್ಲ.

ಬಂದದ್ದು ಮಷಿನಿಗಾಗಿ. ಹೋಮ್‌ಸ್ಟೇಗೆ ಬರುವವರಿಗೆ ಇಂಥ ಹಳೆಯ ವಸ್ತುಗಳ ಮೇಲೆ ಬಹಳ ಪ್ರೀತಿಯಂತೆ. ತಮಗೂ ಚಿಕ್ಕಂದಿನದೆಲ್ಲ ನೆನಪಾಗಿ ಈಗೀಗ ನಿದ್ದೆ ಬರುವುದಿಲ್ಲವಂತೆ. ಹಾಗಿತ್ತು ಆ ಕಾಲ, ಹೀಗಿತ್ತು ಆ ಆಟ ಎಂದು ಇಬ್ಬರೂ ಸರದಿಯ ಮೇಲೆ ನಿಟ್ಟುಸಿರು ಬಿಟ್ಟರು. ನಾನು ಬಾಗಿಲಲ್ಲಿ ಅಡ್ಡ ನಿಂತಿದ್ದೆ. ತಪ್ಪಾಯಿತೆಂದು ಒಂದು ಮಾತು ಹೇಳಲಿ, ಆಮೇಲೆ ಒಳಗೆ ಬರಲಿ ಎಂದು ನನ್ನ ಮನಸ್ಸಿನಲ್ಲಿ. ಅಪ್ಪ ನನ್ನನ್ನು ಸರಿಸಿ ಅವರನ್ನು ಕರೆದುಕೊಂಡು ಹೋದ. ಕಂಬಳಿ ತೆಗೆದಾಗ ಕಿಶೋರ ಸುಮಂತನ ಬೆನ್ನಿಗೆ ಗುದ್ದಿದ. "ಆನು ಹೇಳಿದ್ನಲಾ, ಇನ್ನೂ ಇದ್ದು ಹೇಳಿ." ಮಷಿನು ಇನ್ನೂ ಇದೆ ಎಂದು ಅವನು ಮೊದಲೇ ಹೇಳಿದ್ದನಂತೆ.

ಅಪ್ಪ ಸ್ವಿಚ್ ಹಾಕಿದ. ಗುಂಯ್ ಎಂದು ಶುರುವಾಗಿ ಆಟದ ಹಾಡು ಬಂತು. ಇಬ್ಬರು ದೊಡ್ಡ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ಹಿಡಿ ಕಸಿದುಕೊಂಡು ಆಡತೊಡಗಿದರು. ಬಗ್ಗಿದರೆ ಹೊಟ್ಟೆ ಪೆಟ್ಟಿಗೆಗೆ ತಾಗುತ್ತಿತ್ತು. ಬಾಯಲ್ಲಿ ಅದೇ ಗುಂಡಿನ ಶಬ್ದ. ಸೇತುವೆಯ ಹತ್ತಿರವೇ ಸುಮಂತನ ವಿಮಾನ ಉದುರಿತು. ಎಡಕ್ಕೆ ಹೋಗಿ ಎಡಕ್ಕೆ ಎಂದು ಅಪ್ಪ ಹಿಂದಿನಿಂದ ಹೇಳಿಕೊಡುತ್ತಿದ್ದ. ಅವನ ಮುಖದಲ್ಲಿ ಎಷ್ಟೋ ವರ್ಷಗಳಿಂದ ನಾನು ಕಾಣದ ಕಳೆ ಇತ್ತು. ಕೈಕಟ್ಟಿ ನಿಂತಿದ್ದ. ಆ ಕ್ಷಣ ಅವರು ಕೇಳಿದ್ದರೆ ಮಷಿನನ್ನು ಪುಕ್ಕಟೆ ಕೊಟ್ಟು ಜೀಪಿಗೆ ತಾನೇ ಹೊತ್ತು ಹಾಕುತ್ತಿದ್ದ. ಅಪ್ಪನ ಮೇಲೂ ನನಗೆ ಸಿಟ್ಟು ಬಂತು.

ಕಿಶೋರ ರೈಲು ಸುಟ್ಟ. ಹಡಗು ಬರುವ ಹೊತ್ತು. ಖುಷಿಯಲ್ಲಿ ಅವನ ನಾಲಿಗೆ ಸಡಿಲವಾಯಿತು. ತಾನು ಅಟ್ಟ ಹತ್ತಿ ಕೆಂಪಡಿಕೆ ತುಂಬಿಕೊಂಡು, ಮೇಲೆ ಉದುರಡಿಕೆ ಮುಚ್ಚಿ ತಂದದ್ದನ್ನು ಪರದೆಯಿಂದ ಕಣ್ಣು ತೆಗೆಯದೆ ವರ್ಣಿಸಿದ. ಅಪ್ಪಯ್ಯನ ಎದುರು ನಿಲ್ಲಿಸಿದಾಗ ಚಡ್ಡಿಯಲ್ಲೇ ಒದ್ದೆಯಾಗುವುದೊಂದು ಬಾಕಿ, ಬಾಯಿಗೆ ಬಂದದ್ದು ಕೆರಿಯನ ಹೆಸರು, ಅದನ್ನೇ ಹೇಳಿಬಿಟ್ಟೆ ಎಂದು ನಕ್ಕ. ಹೋಮ್‌ಸ್ಟೇಗೆ ಬಂದವರಿಗೆಲ್ಲ ಊಟಕ್ಕೆ ಕೂತಾಗ ಇದನ್ನೇ ಹೇಳುತ್ತಾನಂತೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ.

ಅಪ್ಪನ ಕೈ ಬಿಚ್ಚಿಕೊಂಡಿತು.

"ನಿಮ್ಮ ಅಪ್ಪಂಗೆ ಇದು ಗೊತ್ತುಂಟಾ?" ಎಂದು ಕೇಳಿದ.

"ಅಪ್ಪಯ್ಯಂಗಾ? ನಂಗಿಂತ ಅವರೇ ಚಂದ ಮಾಡಿ ಹೇಳ್ತಾರೆ ಮಾರಾಯ. ನನ್ನ ಮದುವೇಲೇ ಎಲ್ಲರ ಎದುರು ಹೇಳಿ ನಗಿಸಿದ್ದಾರೆ. ಆರು ವರ್ಷ ಆಯ್ತು."

ಅಪ್ಪ ಗೋಡೆಯ ಹತ್ತಿರ ಹೋಗಿ ಸ್ವಿಚ್ ತೆಗೆದ. ಹಡಗು ಪರದೆಯಲ್ಲಿ ಅರ್ಧ ಬಂದಿತ್ತು, ಅಲ್ಲೇ ಆರಿತು. ಕರೆಂಟ್ ಹೋಯಿತೇ ಎಂದು ಕಿಶೋರ ತಲೆ ಎತ್ತಿ ಬಲ್ಬು ನೋಡಿದ. ಬಲ್ಬು ಉರಿಯುತ್ತಲೇ ಇತ್ತು.

"ನಾನೇ ತೆಗೆದೆ," ಎಂದ ಅಪ್ಪ. "ಮಷಿನು ಕೊಡೋದಿಲ್ಲ. ಹೊರಡ್ರಿ."

ಅವರಿಗೆ ಅರ್ಥವಾಗಲಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ಸುಳ್ಳು ಮುಚ್ಚಿಟ್ಟುಕೊಂಡು ಬಂದಿದ್ದರೆ ಒಂದು ರೀತಿ. ಇವನು ನಿಜವನ್ನು ಪಾಯಸದ ಜೊತೆ ಬಡಿಸಿಕೊಂಡು ಬಂದಿದ್ದಾನೆ. ಬೆಂಗಳೂರಿನಿಂದ ಬಂದು ಎರಡು ದಿನ ಇದ್ದು ಹೋಗುವವರಿಗೆಲ್ಲ ಗೊತ್ತಿದೆ, ಇಡಗುಂದಿಯವರೆಗೆ ಬಂದು ಅಪ್ಪನಿಗೆ ಹೇಳುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಾಗಲಿಲ್ಲ. ಮುಖಕ್ಕೆ ಉಗಿದಂತೆ ಇದನ್ನೆಲ್ಲ ಹೇಳಿದೆ. ಚಿಕ್ಕಂದಿನದಲ್ಲವೇ ತಂಗಿ, ಅದನ್ನು ಅಷ್ಟು ಹಚ್ಚಿಕೊಂಡರೆ ಹೇಗೆ ಎಂದು ಸುಮಂತ ಮೇಷ್ಟ್ರು ಸಮಾಧಾನ ಮಾಡಲು ಬಂದರು. ನಾಲ್ಕು ಮಾತು ಅವರಿಗೂ ಬಿತ್ತು. ಜೀಪು ಹೋಯಿತು.

ಸಂಜೆ ನಾನು ಒಬ್ಬಳೇ ಮಷಿನು ಹಾಕಿದೆ. ಅಷ್ಟು ವರ್ಷದ ಮೇಲೆ ಮೊದಲ ಸಲ. ಡಬ್ಬಿಯ ಮೇಲೆ ನಿಲ್ಲಬೇಕಾಗಿರಲಿಲ್ಲ. ಕೈಗೆ ಎಲ್ಲ ನೆನಪಿತ್ತು. ನದಿಯ ತಿರುವಿನಲ್ಲಿ ಎಷ್ಟು ಕಾಯಬೇಕು, ಬಾಂಬನ್ನು ಯಾವಾಗ ಉಳಿಸಬೇಕು, ಎಲ್ಲ. ಬಟನ್ನು ಮುರಿಯುವಷ್ಟು ಒತ್ತಿ ಆಡಿದೆ. ಇದನ್ನು ಆಡಿದರೆ ಬಾಲ್ಯ ವಾಪಸು ಬರುತ್ತದೆ ಎಂದು ಅವರಿಬ್ಬರೂ ಹೇಳುತ್ತಿದ್ದರು. ನನಗೂ ಬಂತು. ಗಾಜು ಒಡೆದ ಸದ್ದು, ಠಾಣೆಯಿಂದ ಬಂದ ಅಪ್ಪ ಅಂಗಿ ತೆಗೆಯಲು ಬಿಡದೆ ಮಲಗಿದ್ದು, ಶಾಲೆಯಲ್ಲಿ ನನ್ನ ಚೀಲ ತಡಕಿ ಅಡಿಕೆ ಉಂಟೇನೇ ಎಂದು ಕೇಳಿದ್ದು, ಎಲ್ಲ ಬಂತು. ಹಡಗು ಮುಳುಗಿತು. ಏನೂ ಕಡಿಮೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಯಲ್ಲಾಪುರದಲ್ಲಿ ನನ್ನ ಬಸ್ಸಿಗೆ ಅಪ್ಪ ಹತ್ತಿದ. ಒಗೆದ ಬಿಳಿ ಅಂಗಿ ಹಾಕಿದ್ದ. ಎಲ್ಲಿಗೆ ಎಂದು ಕೇಳಿದೆ. ಉಮ್ಮಚಗಿ ಎಂದ. ಟಿಕೆಟ್ ಹರಿದು ಕೊಟ್ಟೆ.

ಹೆಗಡೆಯವರ ಮನೆ ರಸ್ತೆಗೆ ತಾಗಿಯೇ ಇದೆ. ಅಂಗಳದಲ್ಲಿ ಅಡಿಕೆ ಸುಲಿಯುವವರು ಸಾಲಾಗಿ ಕೂತದ್ದು ಬಸ್ಸಿನಿಂದಲೇ ಕಾಣುತ್ತಿತ್ತು. ಅಪ್ಪ ಗೋಡೆ ಹಿಡಿದ ಹಾಗೆ ಬಾಗಿಲು ಹಿಡಿದು ಇಳಿದ. ನಾನು ರೈಟ್ ಅನ್ನಲಿಲ್ಲ. ಡ್ರೈವರ್ ನಾಗಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. ಸ್ವಲ್ಪ ನಿಲ್ಲಿಸು ಎಂದು ಹೇಳಿ ನಾನೂ ಇಳಿದು ಅಂಗಳದ ಬೇಲಿಯ ಹತ್ತಿರ ನಿಂತೆ.

ರಾಮ ಹೆಗಡೆಯವರು ಜಗಲಿಯಲ್ಲಿ ಕೂತಿದ್ದರು. ಗುರುತು ಹಿಡಿದರು. ಬಾ ಬಾ ಎಂದು ಕರೆದು, ಆಸರಿಗೆ ಕುಡಿಯಲು ಮಜ್ಜಿಗೆಯೋ ಚಹವೋ ಎಂದು ಕೇಳಿದರು.

"ಆಸರಿ ಬೇಡ ಒಡೆಯಾ," ಎಂದ ಅಪ್ಪ. "ನಾನು ಕದ್ದವ ಅಲ್ಲ ಅಂತ ನಿಮಗೆ ಗೊತ್ತುಂಟಂತೆ. ಅದನ್ನ ಈ ಕೆಲಸದವರ ಎದುರಿಗೆ ಒಂದು ಸಲ ಹೇಳ್ರಿ. ಅಷ್ಟೇ, ಹೋಗ್ತೇನೆ."

ಸುಲಿಯುವ ಕತ್ತಿಗಳು ನಿಂತವು. ಹೆಗಡೆಯವರು ಎಲೆ ತಟ್ಟೆಯನ್ನು ಆಚೆ ಸರಿಸಿದರು, ಈಚೆ ಸರಿಸಿದರು. ಹುಡುಗರ ಕೆಲಸ, ಹಳೆಯದಾಯಿತು, ಈಗ ಅದೆಲ್ಲ ಯಾಕೆ ಎಂದರು. ಅಪ್ಪ ಅಲ್ಲಿಂದ ಕದಲಲಿಲ್ಲ. ಆಗ ಅವರು ದೊಡ್ಡ ಮನಸ್ಸು ಮಾಡಿದವರ ಹಾಗೆ ಮುಂದಕ್ಕೆ ಬಾಗಿ ಹೇಳಿದರು: "ಒಂದು ಕೆಲಸ ಮಾಡು. ಈ ವರ್ಷದ ಕೊನೆ ಕೊಯ್ಲಿಗೆ ನೀನೇ ಬಾ. ನಾಳೆಯಿಂದ್ಲೇ ಬಾ. ಆಗದಾ?"

ಅಪ್ಪ ತನ್ನ ಬಲಗಾಲನ್ನು ನೋಡಿಕೊಂಡ. ಹೆಗಡೆಯವರೂ ನೋಡಿದರು. ಅದು ಮಡಚುವುದಿಲ್ಲ ಎಂಬುದು ಅಂಗಳಕ್ಕೆ ಬರುವಾಗಲೇ ಎಲ್ಲರಿಗೂ ಕಂಡಿತ್ತು. ಅವರು ಎಲೆ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಅಪ್ಪ ಬಸ್ಸಿನ ಕಡೆ ತಿರುಗಿದ.

ಬಸ್ಸಿನಲ್ಲಿ ಗಲಾಟೆ ಎದ್ದಿತ್ತು. ಕೋರ್ಟಿನ ಕೆಲಸ ಇದ್ದವರು, ಆಸ್ಪತ್ರೆಗೆ ಹೋಗುವವರು ನನ್ನ ಮೇಲೆ ಹರಿಹಾಯ್ದರು. ಇವನ್ಯಾರು, ಇವನಿಗಾಗಿ ಸರ್ಕಾರಿ ಬಸ್ಸು ನಿಲ್ಲಿಸುವುದಾ, ಡಿಪೋಕ್ಕೆ ಬರೆಯುತ್ತೇವೆ ಎಂದರು. ಅಪ್ಪನನ್ನು ಹತ್ತಿಸಿ, ಸೀಟಿನಲ್ಲಿ ಕೂರಿಸಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಇವ ನನ್ನ ಅಪ್ಪ, ಕೆರಿಯಪ್ಪ. ಈ ಮನೆಯ ಅಡಿಕೆ ಇವ ಕದ್ದಿಲ್ಲ. ಕದ್ದವ ಈ ಮನೆಯ ಮಗ. ಅಡಿಕೆ ವಾಪಸು ತಂದುಕೊಟ್ಟವ ಇವ. ಯಾರು ಬೇಕಾದ್ರೂ ಬರೆದುಕೊಳ್ಳಿ."

ಗಲಾಟೆ ನಿಂತಿತು. ನಾಗಪ್ಪ ಗೇರ್ ಹಾಕಿದ. ಅಪ್ಪನ ಹಿಂದಿನ ಸೀಟಿನಲ್ಲಿ ಮಂಚಿಕೇರಿಯ ತಿಮ್ಮಿ ಕೂತಿದ್ದಳು. ವಯಸ್ಸಾದವಳು, ತೋಟದ ಕೆಲಸದಲ್ಲಿ ಅಪ್ಪನ ಜೊತೆ ಎಷ್ಟೋ ವರ್ಷ ದುಡಿದವಳು. ಸಮಾಧಾನ ಮಾಡಬೇಕೆಂದೇ ಇರಬೇಕು, ಮುಂದೆ ಬಾಗಿ ಅವನ ಭುಜದ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದಳು.

"ಅದು ಯಾರಿಗೆ ಗೊತ್ತಿಲ್ಲ ಕೆರಿಯಣ್ಣ? ಊರಿಗೆಲ್ಲ ಗೊತ್ತುಂಟು."

ಒಂದಿಬ್ಬರು ಹೌದು ಹೌದು ಎಂದು ತಲೆಯಾಡಿಸಿದರು. ಅಪ್ಪ ಪೂರ್ತಿ ಹಿಂದಕ್ಕೆ ತಿರುಗಿ ಆಕೆಯನ್ನು ನೋಡಿದ. ಅವನ ಮುಖ ಕಪ್ಪಿಟ್ಟಿತ್ತು. ನನ್ನ ಅಪ್ಪನಿಗೆ ಸಿಟ್ಟು ಬಂದದ್ದನ್ನು ನಾನು ಆ ದಿನ ಕಂಡೆ.

"ಗೊತ್ತಿದ್ರೆ ಮತ್ತೆ ನನ್ನ ಯಾಕೆ ಯಾರೂ ಕೆಲಸಕ್ಕೆ ಕರೀಲಿಲ್ಲ, ತಿಮ್ಮಕ್ಕ?"

ತಿಮ್ಮಿ ಕೈ ತೆಗೆದಳು. ತಲೆಯಾಡಿಸಿದವರು ಕಿಟಕಿಯ ಹೊರಗೆ ನೋಡತೊಡಗಿದರು. ಮಂಚಿಕೇರಿ ಬರುವವರೆಗೂ ಅಪ್ಪ ಹಾಗೇ ಹಿಂದಕ್ಕೆ ತಿರುಗಿಕೊಂಡೇ ಕೂತಿದ್ದ.